ಹಳೇ ಬಟ್ಟೆಯ ಕವಂದಿ

ಈ ತಿಂಗಳ ಎರಡನೇ ಜುಮಾದಲ್ಲಿ ನಾವು ಉಡುಗೊರೆಯ ಬಗ್ಗೆ ಮಾತನಾಡಿದ್ದೆವು. ನಮಾಝ್ ಮುಗಿದ ಮೇಲೆ ಇಬ್ಬರು ಮೂವರು ಹತ್ತಿರ ಬಂದು, "ಹಜರತ್, ಸಿದ್ದಿಯವರ ಕೌದಿ ವಿಷಯ ಹೇಳಿದ್ರಲ್ಲ, ಅದನ್ನ ಪತ್ರಿಕೆಗೆ ಬರೆದು ಕೊಡ್ರಿ, ಮನ್ಯಾಗ ಹೆಣ್ಮಕ್ಕಳು ಓದ್ತಾರ" ಎಂದರು. ಮಿಂಬರಿನ ಮೇಲೆ ಹದಿನೈದು ನಿಮಿಷದಲ್ಲಿ ಹೇಳಿ ಮುಗಿಯುವ ಮಾತು ಅದಾಗಿರಲಿಲ್ಲ. ಅಂದು ಬಿಟ್ಟುಹೋದದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇವೆ.

ಆ ವಿಷಯ ಎತ್ತಿಕೊಳ್ಳಲು ಒಂದು ಕಾರಣವಿತ್ತು. ನಮ್ಮ ಜಮಾಅತಿನ ಒಬ್ಬ ಹಮಾಲಿ ಸಹೋದರರು ತಮ್ಮ ಸ್ವಂತ ತಂಗಿಯ ಮಗುವಿನ ಅಕೀಕಾಕ್ಕೆ ಹೋಗಿರಲಿಲ್ಲ. ಕೇಳಿದಾಗ, "ಬರಿಗೈಲಿ ಹೆಂಗ ಹೋಗೋದು ಹಜರತ್" ಎಂದರು. ದಾಂಡೇಲಿಯಿರಲಿ, ಹಳಿಯಾಳವಿರಲಿ, ಮುಂಡಗೋಡವಿರಲಿ, ಇಂದು ಎಲ್ಲ ಕಡೆ ಇದೇ ಕಥೆ. ಮದುವೆ, ಅಕೀಕಾ ಎಂದರೆ ಬಣ್ಣದ ಕಾಗದ ಸುತ್ತಿದ ಡಬ್ಬಿ ಬೇಕು. ಒಂದೇ ಮನೆಗೆ ಆರು ಗೋಡೆ ಗಡಿಯಾರ, ನಾಲ್ಕು ಹಾಟ್‌ಬಾಕ್ಸ್ ಬಂದು ಬೀಳುತ್ತವೆ. ಅವು ಬಿಚ್ಚದೆಯೇ ಮುಂದಿನ ಮದುವೆಗೆ ಹೋಗುತ್ತವೆ. ಕೊಟ್ಟವನ ಹೆಸರು ಮಾತ್ರ ವಹಿಯಲ್ಲಿ ಉಳಿಯುತ್ತದೆ, ಮುಂದೆ ಅಷ್ಟೇ ಬೆಲೆಯದನ್ನು ತಿರುಗಿಸಬೇಕಲ್ಲ!

ಪ್ರವಾದಿ(ಸ)ರವರು ನೆರೆಮನೆಯವಳು ಕಳಿಸಿದ ಆಡಿನ ಗೊರಸನ್ನು ಕೂಡ ಕೀಳಾಗಿ ಕಾಣಬಾರದೆಂದು ಸ್ತ್ರೀಯರಿಗೆ ಹೇಳಿದ್ದನ್ನು ಹ. ಅಬೂಹುರೈರಾ(ರ) ವರದಿ ಮಾಡಿದ್ದಾರೆ. ಗೊರಸಿನಲ್ಲಿ ಮಾಂಸ ಎಷ್ಟಿರುತ್ತದೆ ಎಂಬುದು ನಿಮಗೆ ಗೊತ್ತು. ಆದರೆ ನಾವು ಅಂದು ಹೇಳಹೊರಟದ್ದು ಕೊಡುವವರ ಕಡೆಯ ಮಾತು. ಕಡಿಮೆ ಖರ್ಚಿನದು ಎಂದು ಕೈಗೆ ಸಿಕ್ಕಿದ್ದನ್ನು ಕೊಡುವುದು ಬೇರೆ. ಪಡೆಯುವವರ ಮೈಯನ್ನೂ ಋತುವನ್ನೂ ನೋಡಿ, ಅವರಿಗೆ ಬೇಕಾದದ್ದನ್ನೇ ಕೊಡುವುದು ಬೇರೆ.

ಹಬಶಾ, ಅಂದರೆ ಅಬಿಸೀನಿಯಾದ ದೊರೆ ನಜಾಶಿ ಮದೀನಾಕ್ಕೆ ಉಡುಗೊರೆ ಕಳಿಸಿದ್ದರು. ಅವರು ದೊರೆ, ಏನು ಬೇಕಾದರೂ ಕಳಿಸಬಹುದಿತ್ತು. ಕಳಿಸಿದ ಆಭರಣಗಳಲ್ಲಿ ಹಬಶೀ ಹರಳಿನ ಒಂದು ಚಿನ್ನದ ಉಂಗುರವೂ ಇತ್ತು. ಪ್ರವಾದಿ(ಸ)ರು ಅದನ್ನು ತಾವು ಇಟ್ಟುಕೊಳ್ಳದೆ ಮಗಳು ಝೈನಬ್(ರ)ರ ಪುಟ್ಟ ಹುಡುಗಿ ಉಮಾಮಾಳನ್ನು ಕರೆದು ಅವಳಿಗೆ ಕೊಟ್ಟರು. ಇನ್ನೊಂದು ವರದಿಯಲ್ಲಿ ಅದೇ ನಜಾಶಿ ಕಳಿಸಿದ ಬೇರೆ ವಸ್ತುವಿನ ಮಾತು ಬರುತ್ತದೆ: ಒಂದು ಜೊತೆ ಕಪ್ಪು ಖುಫ್ಫ್, ಚರ್ಮದ ಕಾಲುಚೀಲ. ಯಾವ ಅಲಂಕಾರವೂ ಇಲ್ಲದ ಸಾದಾ ಜೊತೆ. ಪ್ರವಾದಿ(ಸ)ರು ಅದನ್ನು ಹಾಕಿಕೊಂಡರು, ವುಝೂ ಮಾಡುವಾಗ ಅದರ ಮೇಲೆಯೇ ಮಸಹ್ ಮಾಡಿದರು. ಊರಲ್ಲಿರುವವನಿಗೆ ಒಂದು ಹಗಲು ಒಂದು ರಾತ್ರಿ, ಪ್ರಯಾಣಿಕನಿಗೆ ಮೂರು ಹಗಲು ಮೂರು ರಾತ್ರಿ ಎಂದು ಮದ್ರಸಾದಲ್ಲಿ ಮಕ್ಕಳಿಗೆ ಮಸಹ್‌ನ ಮಸ್ಅಲಾ ಕಲಿಸುವಾಗ ನಾವು ಆ ಹಬಶೀ ಜೊತೆಯನ್ನು ನೆನಪಿಸುತ್ತೇವೆ. ಚಿನ್ನ ಮಗುವಿನ ಕೈಗೆ ಹೋಯಿತು, ಚರ್ಮ ಪ್ರವಾದಿಯವರ ಕಾಲಿಗೆ ಬಂತು.

ಇನ್ನೊಂದು ಘಟನೆ ಹ. ಸಹ್ಲ್ ಇಬ್ನ್ ಸಅದ್(ರ) ಹೇಳಿದ್ದು, ಬುಖಾರಿಯಲ್ಲಿದೆ. ಒಬ್ಬ ಹೆಣ್ಣುಮಗಳು ಅಂಚಿನ ಸಮೇತ ತಾನೇ ಕೈಯಾರೆ ನೇಯ್ದ ಒಂದು ಬುರ್ದಾ, ಎಂದರೆ ಹೊದೆಯುವ ಬಟ್ಟೆ, ತಂದು ಪ್ರವಾದಿ(ಸ)ರಿಗೆ ಕೊಟ್ಟಳು. ಅವರಿಗೆ ಆಗ ಬಟ್ಟೆಯ ಅಗತ್ಯವಿತ್ತು ಎಂದು ವರದಿ ಮಾಡಿದವರೇ ಹೇಳುತ್ತಾರೆ. ಅವರು ಅದನ್ನು ಉಟ್ಟು ಹೊರಗೆ ಬಂದರು. ಅಲ್ಲಿದ್ದ ಒಬ್ಬರು ಚೆನ್ನಾಗಿದೆ, ನನಗೆ ಕೊಡಿ ಎಂದು ಕೇಳಿಯೇ ಬಿಟ್ಟರು. ಪ್ರವಾದಿ(ಸ)ರು ಒಳಗೆ ಹೋಗಿ, ಮಡಚಿ, ಕಳಿಸಿಕೊಟ್ಟರು. ಉಳಿದವರು ಆ ಮನುಷ್ಯನನ್ನು ಬೈದಾಗ ಆತ, ಇದು ನನ್ನ ಕಫನ್ ಆಗಲಿ ಎಂದೇ ಕೇಳಿದೆ ಎಂದರು. ಕೊನೆಗೆ ಅದೇ ಅವರ ಕಫನ್ ಆಯಿತು. ನೇಯ್ದವಳ ಹೆಸರು ವರದಿಯಲ್ಲಿ ಇಲ್ಲ. ಅವಳು ನೇಯ್ದ ಅಂಚಿನ ಮಾತು ಮಾತ್ರ ಉಳಿದಿದೆ.

ಇಷ್ಟು ಹೇಳಿ ನಾವು ಮಿಂಬರಿನಿಂದ ನಮ್ಮ ಕಾಡಿಗೆ ಬಂದೆವು. ಹಬಶಾದ ಮಾತು ಬಂದ ಮೇಲೆ ನಮ್ಮ ನಡುವಿನ ಹಬಶಿಗಳನ್ನು ಬಿಟ್ಟು ಹೋಗುವುದು ಹೇಗೆ? ಸಿದ್ದಿಗಳ ಬಗ್ಗೆ ಮಾತನಾಡುವವರೆಲ್ಲ ಹ. ಬಿಲಾಲ್(ರ)ರ ಹೆಸರಿನಿಂದ ಶುರುಮಾಡಿ ಅಲ್ಲಿಗೇ ಮುಗಿಸಿಬಿಡುತ್ತಾರೆ. ಮುಂದಿನ ಸಫ್ಫಿನಲ್ಲಿ ನಿಂತಿರುವ ಸಿದ್ದಿ ಸಹೋದರನ ಅಜ್ಜ ಎಲ್ಲಿಂದ ಬಂದ ಎಂದು ಕೇಳುವವರು ಕಡಿಮೆ.

1510ರಲ್ಲಿ ಗೋವಾ ಪೋರ್ಚುಗೀಸರ ಕೈ ಸೇರಿತು. ಪೂರ್ವ ಆಫ್ರಿಕಾದ ಕರಾವಳಿಯಿಂದ, ಮುಖ್ಯವಾಗಿ ಮೊಜಾಂಬಿಕ್ ಕಡೆಯಿಂದ, ಹಡಗುಗಳಲ್ಲಿ ಗಂಡಸರು ಹೆಂಗಸರು ಮಕ್ಕಳನ್ನು ತಂದು ಅಲ್ಲಿ ಮಾರುತ್ತಿದ್ದರು. 1580ರ ದಶಕದಲ್ಲಿ ಗೋವಾದಲ್ಲಿದ್ದ ಡಚ್ ಪ್ರವಾಸಿ ಲಿನ್‌ಸ್ಕೋಟನ್, ಬೀದಿಯ ಹರಾಜಿನಲ್ಲಿ ಕುದುರೆ, ಬಟ್ಟೆಯ ಜೊತೆ ಮನುಷ್ಯರನ್ನೂ ಕೂಗಿ ಮಾರುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಈ ವ್ಯಾಪಾರದಲ್ಲಿ ಅರಬ್ ವರ್ತಕರೂ ಇದ್ದರು, ಅದನ್ನು ಮುಚ್ಚಿಟ್ಟು ಇತಿಹಾಸ ಹೇಳುವುದು ನಮಗೆ ಒಪ್ಪದು. ಗೋವಾದ ಯಜಮಾನರಿಂದ ತಪ್ಪಿಸಿಕೊಂಡವರಿಗೆ ಘಟ್ಟ ಹತ್ತಿದರೆ ಸಿಗುವ ಮೊದಲ ನೆಲ ಇಂದಿನ ಜೋಯಿಡಾ. ಅಲ್ಲಿಂದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡುಗಳು. ಪೋರ್ಚುಗಲ್ ತನ್ನ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದ ಆಜ್ಞೆ ಹೊರಡಿಸಿದ್ದು 1869ರಲ್ಲಿ. ಅಷ್ಟು ಹೊತ್ತಿಗೆ ತಲೆಮಾರುಗಳೇ ಕಳೆದು, ಕಾಡಿನ ಹಾಡಿಗಳಲ್ಲಿ ಸಿದ್ದಿ ಮನೆಗಳು ನೆಲೆನಿಂತಿದ್ದವು.

ದಖ್ಖನಿನ ದರಬಾರುಗಳಲ್ಲಿಯೂ ಹಬಶಿಗಳಿದ್ದರು. ಗುಲಾಮನಾಗಿ ಮಾರಾಟವಾಗಿ ಬಂದು ಅಹ್ಮದ್‌ನಗರವನ್ನೇ ನಡೆಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್, ಬಿಜಾಪುರದ ಇಖ್ಲಾಸ್ ಖಾನ್ ಇವರನ್ನು ನಮ್ಮ ಹುಡುಗರು ಭಾಷಣ ಸ್ಪರ್ಧೆಗಳಲ್ಲಿ ಹೆಮ್ಮೆಯಿಂದ ನೆನೆಯುತ್ತಾರೆ. ಸಿದ್ದಿ ಎಂಬ ಹೆಸರೇ ಅರಬಿಯ 'ಸಯ್ಯಿದೀ'ಯಿಂದ ಬಂದದ್ದು ಎನ್ನುವವರು ಹೆಚ್ಚು. ಆದರೆ ಗರಡೊಳ್ಳಿಯಲ್ಲೋ ಗುಂಜಾವತಿಯಲ್ಲೋ ಪರರ ಹೊಲದಲ್ಲಿ ಕೂಲಿ ಮಾಡಿದವರಿಗೆ ಸರದಾರರ ಕಥೆಯಿಂದ ಹೊಟ್ಟೆ ತುಂಬಲಿಲ್ಲ. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಹಳಿಯಾಳ, ಮುಂಡಗೋಡ ಕಡೆ ಮುಸ್ಲಿಮ್ ಮತ್ತು ಕ್ರೈಸ್ತ ಸಿದ್ದಿಗಳು, ಯಲ್ಲಾಪುರ, ಅಂಕೋಲಾ ಕಡೆ ಹಿಂದೂ ಸಿದ್ದಿಗಳು ಹೆಚ್ಚು. ಮೂವರ ಮನೆಯಲ್ಲೂ ಕಾಣುವ ಒಂದು ವಸ್ತು ಎಂದರೆ ಕವಂದಿ.

ಧಾರವಾಡ ಕಡೆಯ ಓದುಗರಿಗೆ ಕೌದಿ ಹೊಸದಲ್ಲ, ಕವಂದಿ ಅದರ ಬಂಧುವೇ. ಹರಿದ ಸೀರೆ, ಲುಂಗಿ, ಅಂಗಿ, ಮಕ್ಕಳ ಲಂಗ, ಹೀಗೆ ಮನೆಯಲ್ಲಿ ಸವೆದದ್ದೆಲ್ಲ ಅದರ ಬಂಡವಾಳ. ಕೊಳ್ಳಬೇಕಾದದ್ದು ಸೂಜಿ ಮತ್ತು ದಾರ ಮಾತ್ರ. ಒಂದು ಹಳೆಯ ಸೀರೆಯನ್ನು ನೆಲಕ್ಕೆ ಹಾಸಿ, ಮೂಲೆಯಿಂದ ಶುರುಮಾಡಿ, ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಅಂಚಿನ ಗುಂಟ ಸಾದಾ ಹೊಲಿಗೆ ಹಾಕುತ್ತ ಸುತ್ತು ಬರುತ್ತಾರೆ. ಸುತ್ತು ಸುತ್ತಾಗಿ ಕೊನೆಗೆ ನಡುವಿಗೆ ಬಂದು ಸೇರುತ್ತಾರೆ. ಹೊಲಿಗೆ ಎಷ್ಟು ಸಣ್ಣ, ಎಷ್ಟು ನೇರ ಎಂಬುದರಲ್ಲಿ ಹೊಲಿದವಳ ಕೈ ಗೊತ್ತಾಗುತ್ತದೆ. ದೊಡ್ಡ ತುಂಡುಗಳ ಮೇಲೆ ಚಿಕ್ಕ ಚಿಕ್ಕ ಬಣ್ಣದ ಚೂರುಗಳನ್ನು ಇಡುತ್ತಾರೆ, ಅದಕ್ಕೆ ಟಿಕೇಲಿ ಎಂದು ಹೆಸರು. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ ಬರುವುದುಂಟು, ನಮ್ಮವರದರಲ್ಲಿ ಚಂದ್ರ ಅಥವಾ ಮಸೀದಿಯ ಆಕಾರ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಾಡಿದ 'ಫೂಲ್' ಹೊಲಿಯುತ್ತಾರೆ. ಮೂಲೆಗೆ ಹೂವಿಲ್ಲದ ಕವಂದಿ ಮೈಮೇಲೆ ಬಟ್ಟೆ ಇಲ್ಲದಂತೆ ಎಂದು ಅವರ ಹೆಂಗಸರು ಹೇಳುತ್ತಾರೆ. ಆ ಹೂವಿನಿಂದ ಚಳಿ ಎಳ್ಳಷ್ಟೂ ಕಡಿಮೆಯಾಗುವುದಿಲ್ಲ. ಆದರೂ ಯಾವ ಬಡವಿಯೂ ಅದನ್ನು ಬಿಡುವುದಿಲ್ಲ.

ಹುಟ್ಟುವ ಮಗುವಿಗೆ ಮಾಡುವ ಚಿಕ್ಕ ಕವಂದಿಯಲ್ಲಿ ಟಿಕೇಲಿ ಹೆಚ್ಚು, ಬಣ್ಣ ಹೆಚ್ಚು. ಮಲಗಿದ ಮಗು ಅವನ್ನು ನೋಡುತ್ತ ಆಡಿಕೊಳ್ಳಲಿ ಎಂದು. ಇದರಲ್ಲಿರುವ ಜಾಣ್ಮೆಯನ್ನು ತಾಯಂದಿರು ಥಟ್ಟನೆ ಹಿಡಿಯುತ್ತಾರೆ. ನೂರು ಸಲ ತೊಳೆದ ಹತ್ತಿ ಬಟ್ಟೆಯ ಗಂಜಿಯೂ ಹೋಗಿರುತ್ತದೆ, ಬಿಡುವ ಬಣ್ಣವೂ ಹೋಗಿರುತ್ತದೆ. ಹಸುಗೂಸಿನ ಚರ್ಮಕ್ಕೆ ಅದು ಚುಚ್ಚುವುದಿಲ್ಲ. ಪದರಗಳ ನಡುವೆ ಗಾಳಿ ಉಳಿದು ಬೆಚ್ಚಗಿರುತ್ತದೆ, ಬೆವರನ್ನೂ ಉಚ್ಚೆಯನ್ನೂ ಹೀರುತ್ತದೆ. ಸಾಲು ಸಾಲು ಹೊಲಿಗೆಯಿಂದಾಗಿ ಎಷ್ಟು ಒಗೆದರೂ ಒಳಗಿನ ಬಟ್ಟೆ ಮುದ್ದೆಯಾಗುವುದಿಲ್ಲ. ಹರಿದ ಕಡೆ ಇನ್ನೊಂದು ತುಂಡು ಕೂತರೆ ಮತ್ತೆ ಹೊಸದು. ಒಂದೇ ಕಷ್ಟವೆಂದರೆ ಒದ್ದೆಯಾದಾಗ ಭಾರ, ಮತ್ತು ಜೋಯಿಡಾದ ಮಳೆಯಲ್ಲಿ ಒಣಗಿಸುವುದು. ಜುಲೈ ತಿಂಗಳಲ್ಲಿ ಒಲೆಯ ಪಕ್ಕ ಹರವಿ ಒಣಗಿಸಿದ ಹೊದಿಕೆಗೆ ಹೊಗೆಯ ವಾಸನೆ ಬಂದೇ ಬರುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕಡೆಗೆ ಬಂದು ಕವಂದಿಗಳನ್ನು ಅಧ್ಯಯನ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರ ಕೌದಿ ಸಹಕಾರ ಸಂಘ ಹುಟ್ಟಲು ಅವರ ನೆರವಿತ್ತು. ಆಮೇಲೆ ಅಮೆರಿಕದ ವಸ್ತುಸಂಗ್ರಹಾಲಯಗಳ ಗೋಡೆಯ ಮೇಲೆ ನಮ್ಮ ಕಾಡಿನ ಕವಂದಿ ತೂಗಾಡಿತು. ಇಲ್ಲಿ ಕಟ್ಟೆಯ ಮೇಲೆ ಕೂತು ಹೊಲಿಯುವವಳನ್ನು ದಿನಾ ನೋಡುತ್ತಿದ್ದ ನಾವು ಯಾರೂ ಅದನ್ನು ಇತಿಹಾಸ ಎಂದುಕೊಂಡಿರಲಿಲ್ಲ.

ನಾವು ಎಂದರೆ ಇಲ್ಲಿ ನಾವೇ. ಜುಮಾದಲ್ಲಿ ಹೇಳದೆ ಬಿಟ್ಟದ್ದು ಇದನ್ನೇ.

ಒಂಬತ್ತು ವರ್ಷದ ಹಿಂದೆ, ಮನೆಯಲ್ಲಿ ಹೆರಿಗೆಗೆ ಇನ್ನೂ ಮೂರು ತಿಂಗಳಿತ್ತು. ಮಸೀದಿಯ ಹತ್ತಿರದ ಹಾಡಿಯಿಂದ ಒಬ್ಬ ವೃದ್ಧ ಸಿದ್ದಿ ತಾಯಿ ನಮ್ಮ ಬಾಗಿಲಿಗೆ ಬಂದು, ಹಳೇ ಬಟ್ಟೆ ಇದ್ದರೆ ಕೊಡಿ ಎಂದರು. ಬೇಡಲು ಬಂದಿದ್ದಾರೆ ಎಂದುಕೊಂಡೆವು. ಹರಿದ ಹಸಿರು ಚೌಕುಳಿ ಲುಂಗಿ ಒಂದು, ಮನೆಯವರ ಮಾಸಿದ ಓಢಣಿ ಒಂದು, ಜೊತೆಗೆ ಹತ್ತು ರೂಪಾಯಿ ಕೊಟ್ಟೆವು. ಬಟ್ಟೆ ತೆಗೆದುಕೊಂಡರು, ಹಣ ಮುಟ್ಟಲಿಲ್ಲ. ಅದೇಕೆ ಎಂದು ಕೇಳುವ ಬುದ್ಧಿ ನಮಗೆ ಬರಲಿಲ್ಲ.

ಅಕೀಕಾದ ದಿನ ಅವರು ಒಂದು ಪ್ಲಾಸ್ಟಿಕ್ ಚೀಲ ಹಿಡಿದು ಹಿತ್ತಿಲ ಬಾಗಿಲಿಂದ ಬಂದು ಹೆಂಗಸರ ಕಡೆ ಕೊಟ್ಟು, ಊಟಕ್ಕೆ ಕೂರಿಸುವ ಮೊದಲೇ ಹೋಗಿದ್ದರು. ರಾತ್ರಿ ಬಿಚ್ಚಿ ನೋಡಿದರೆ ಚಿಕ್ಕ ಕವಂದಿ. ನಡುವಿನಲ್ಲಿ, ಹೊಲಿಗೆ ಬಂದು ಮುಗಿಯುವ ಜಾಗದಲ್ಲಿ, ನಮ್ಮ ಹಸಿರು ಲುಂಗಿಯ ಚೌಕ. ಅದರ ಸುತ್ತ ಮಗುವಿನ ತಾಯಿಯ ಓಢಣಿಯ ಚೂರುಗಳು. ಮೂಲೆಗೆ ಮೂಲೆಗೆ ಹೂವು. ಆದರೆ ಬಂದ ನೆಂಟರೊಬ್ಬರು ಹಳೇ ಬಟ್ಟೆಯಲ್ಲಿ ಕೂಸನ್ನು ಮಲಗಿಸುತ್ತೀರಾ ಎಂದರು. ಹೊಳೆಯುವ ಚೀಲದ ಮೂರು ಬ್ಲಾಂಕೆಟ್ಟುಗಳು ಬಂದಿದ್ದವು. ಕವಂದಿ ಟ್ರಂಕಿಗೆ ಹೋಯಿತು. ನಾವು ಸುಮ್ಮನಿದ್ದೆವು.

ಮಳೆ ಹಿಡಿದ ಮೇಲೆ ಒಂದು ಶುಕ್ರವಾರ ಆ ತಾಯಿ ಮಸೀದಿಯ ಮೆಟ್ಟಿಲ ಪಕ್ಕ ನಿಂತಿದ್ದರು. "ಹಜರತ್, ಕೂಸು ಕವಂದಿ ಮ್ಯಾಲೆ ಚಲೋ ನಿದ್ದಿ ಮಾಡ್ತದ?" ಎಂದು ಕೇಳಿದರು. ನಾವು "ಹೌದಮ್ಮಾ" ಎಂದೆವು. ಆಗಷ್ಟೇ ಮಿಂಬರಿನಿಂದ ಇಳಿದು ಬಂದಿದ್ದೆವು.

ಮನೆಗೆ ಹೋಗಿ ಟ್ರಂಕು ತೆಗೆಸಿದೆವು. ಮಗುವಿಗೆ ಆ ಹೊತ್ತಿಗೆ ಬೆನ್ನೆಲ್ಲ ಬೆವರುಸಾಲೆಯಂಥ ಗುಳ್ಳೆ ಎದ್ದಿತ್ತು. ನೈಲಾನಿನ ಬ್ಲಾಂಕೆಟ್ಟು ಹೊದಿಸಿದರೆ ಬೆವರು, ತೆಗೆದರೆ ಚಳಿ, ರಾತ್ರಿಯಿಡೀ ಅಳು. ಕವಂದಿ ಹಾಸಿ ಮಲಗಿಸಿದ ರಾತ್ರಿ ಮಗು ಫಜ್ರ್‌ವರೆಗೆ ಏಳಲಿಲ್ಲ. ವಾರದಲ್ಲಿ ಗುಳ್ಳೆ ಇಳಿಯಿತು. ಎದ್ದಾಗ ಅಳದೆ ಒಂದು ಕೆಂಪು ಟಿಕೇಲಿಯನ್ನು ಬೆರಳಿನಿಂದ ಕೆರೆಯುತ್ತ ಮಲಗಿರುತ್ತಿದ್ದಳು.

ಮುಂದಿನ ಶುಕ್ರವಾರ ಆ ತಾಯಿಯ ಹಾಡಿಗೆ ಹೋಗಿ ನಿಜ ಹೇಳಿದೆವು. ಅವರು ನಕ್ಕರು. "ನನಗ ಗೊತ್ತಿತ್ತು ಹಜರತ್. ಹಿತ್ತಿಲ ದಾರದ ಮ್ಯಾಲೆ ಒಂದಿನಾನೂ ಒಣಗಿದ್ದು ಕಾಣಲಿಲ್ಲ" ಎಂದರು. ಒಳಗಿನಿಂದ ಚಹಾ ಬಂತು. ಕಟ್ಟೆಯ ಮೇಲೆ ಇನ್ನೊಂದು ಕವಂದಿ ಅರ್ಧ ಆಗಿತ್ತು, ಅದು ಯಾರಿಗೆ ಎಂದು ಕೇಳಿದೆವು. ಹಮಾಲಿ ಓಣಿಯ ಒಂದು ಮನೆಯ ಹೆಸರು ಹೇಳಿ, ಅವರ ಮನೆಯಿಂದ ಇನ್ನೂ ಹಳೇ ಬಟ್ಟೆ ಬಂದಿಲ್ಲ, ಕೇಳಿದರೆ ತಪ್ಪು ತಿಳೀತಾರೆ, ನೀವೇ ಕೇಳಿ ತಂದುಕೊಡಿ ಎಂದರು.

ತಂದುಕೊಟ್ಟೆವು. ಆ ತಾಯಿ ಈಗಿಲ್ಲ, ಅಲ್ಲಾಹನು ಅವರಿಗೆ ಮಗ್ಫಿರತ್ ನೀಡಲಿ. ನಮ್ಮ ಮಗಳ ಕವಂದಿಯ ಒಂದು ಮೂಲೆಯ ಹೂವು ಕಳೆದ ಮಳೆಗಾಲದಲ್ಲಿ ಕಿತ್ತುಬಂದಿತ್ತು. ಅವರ ಸೊಸೆ ಬಂದು ಹೊಸದನ್ನು ಕೂರಿಸಿ ಹೋದರು. ಈ ಸಲ ಅದಕ್ಕೆ ಬಟ್ಟೆ ಆರಿಸಿದ್ದು ಮಗಳೇ, ಅವಳ ಮದ್ರಸಾದ ಹಳೆಯ ಸ್ಕಾರ್ಫಿನಿಂದ.