ಕಿವಿಯೊಳಗಿದ್ದೂ ದೂರವಾದ ದನಿ

ಹೊಳೆಯ ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದಾರೆ. ಬಟ್ಟೆ ಕಲ್ಲಿಗೆ ಬಡಿದದ್ದು ಮೊದಲು ಕಣ್ಣಿಗೆ ಕಾಣುತ್ತದೆ. ‘ಧಪ್’ ಎಂಬ ಸದ್ದು ಕ್ಷಣ ತಡೆದು ಕಿವಿಗೆ ಬೀಳುತ್ತದೆ. ಬೆಳಕು ಬೇಗ, ಶಬ್ದ ನಿಧಾನ ಎಂಬ ಪಾಠವನ್ನು ಶಾಲೆಯ ಮೇಷ್ಟ್ರಿಗಿಂತ ಮೊದಲೇ ಹೊಳೆ ನಮಗೆ ಕಲಿಸಿರುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ಸದ್ದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಯಿತೆಂದರೆ ಬಟ್ಟೆ ಒಗೆಯುವವರು ನಮ್ಮಿಂದ ಸುಮಾರು 68 ಮೀಟರ್ ದೂರದಲ್ಲಿದ್ದಾರೆ ಎಂದರ್ಥ.

ಈಗ ಇನ್ನೊಂದು ದೃಶ್ಯವನ್ನು ಊಹಿಸಿಕೊಳ್ಳಿ. ಹುಡುಗನ ಕೈಯಲ್ಲಿ ಒಂದು ವಿಡಿಯೋ ಗೇಮ್ ಯಂತ್ರ. ಕಿವಿಯಲ್ಲಿ ತಂತಿಯಿಲ್ಲದ ಇಯರ್‌ಫೋನ್. ಗುಂಡಿ ಒತ್ತುತ್ತಾನೆ, ಪರದೆಯ ಮೇಲಿನ ಬೊಂಬೆ ನೆಗೆಯುತ್ತದೆ. ನೆಗೆತದ ಸದ್ದು ಮಾತ್ರ ಆ ಹೊಳೆಯಾಚೆಯಿಂದ ಬಂದಂತೆ ತಡವಾಗಿ ಕೇಳುತ್ತದೆ. ಸದ್ದು ಹುಟ್ಟುವುದು ಕಿವಿಯೊಳಗೇ. ಆದರೂ ಅದು 68 ಮೀಟರ್ ದೂರದಲ್ಲಿದೆ! ಅಂಗೈಯಲ್ಲಿ ಹಿಡಿದು ಆಡುವ ಯಂತ್ರಗಳಿಗೆ ತಂತಿರಹಿತ ದನಿ ಸೇರಲು ಇಷ್ಟೊಂದು ವರ್ಷ ಏಕೆ ಹಿಡಿಯಿತು ಎಂಬ ಪ್ರಶ್ನೆಗೆ ಉತ್ತರದ ಬಹುಭಾಗ ಈ ಚಿತ್ರದಲ್ಲೇ ಇದೆ.

ಕಥೆ ಶುರುವಾಗುವುದು ಜಪಾನಿನ ಕ್ಯೋಟೋ ನಗರದಲ್ಲಿ. 1889ರಲ್ಲಿ ಇಸ್ಪೀಟಿನಂಥ ‘ಹನಾಫುದಾ’ ಎಲೆಗಳನ್ನು ತಯಾರಿಸಲು ಹುಟ್ಟಿದ ನಿಂಟೆಂಡೋ ಕಂಪೆನಿ, ಸರಿಯಾಗಿ ನೂರು ವರ್ಷಗಳ ನಂತರ, 1989ರ ಏಪ್ರಿಲ್‌ನಲ್ಲಿ ‘ಗೇಮ್ ಬಾಯ್’ ಎಂಬ ಅಂಗೈ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದನ್ನು ರೂಪಿಸಿದ ತಂಡದ ಹಿರಿಯ ಗುನ್‌ಪೇ ಯೊಕೋಯಿ. ಹಳೆಯದಾಗಿ, ಅಗ್ಗವಾಗಿ, ಸ್ವಭಾವವೆಲ್ಲ ತಿಳಿದುಹೋಗಿರುವ ತಂತ್ರಜ್ಞಾನವನ್ನು ಹೊಸ ರೀತಿಯಲ್ಲಿ ಬಳಸಬೇಕು ಎಂಬುದು ಅವರ ಸಿದ್ಧಾಂತ. ಪ್ರತಿಸ್ಪರ್ಧಿಗಳು ಬಣ್ಣದ ಪರದೆ ಕೊಟ್ಟರು. ಅವರ ಯಂತ್ರಗಳು ಆರು ಬ್ಯಾಟರಿಗಳನ್ನು ಕೆಲವೇ ಗಂಟೆಗಳಲ್ಲಿ ನುಂಗಿಬಿಡುತ್ತಿದ್ದವು. ಯೊಕೋಯಿ ಕೊಟ್ಟದ್ದು ಹಸಿರು ಛಾಯೆಯ ಮಂಕು ಪರದೆ, ನಾಲ್ಕು ಬ್ಯಾಟರಿ. ಗೆದ್ದದ್ದು ಅವರೇ. ಗೇಮ್ ಬಾಯ್ ಮತ್ತು ಅದರ ಬಣ್ಣದ ಆವೃತ್ತಿ ಸೇರಿ 11 ಕೋಟಿಗೂ ಹೆಚ್ಚು ಯಂತ್ರಗಳು ಮಾರಾಟವಾದವು.

ದನಿಯ ವಿಷಯದಲ್ಲಿ ಮಾತ್ರ ಆ ಬಡ ಯಂತ್ರ ಸಿರಿವಂತವಾಗಿತ್ತು. ಅದರ ಪುಟ್ಟ ಸ್ಪೀಕರಿನಿಂದ ಬರುತ್ತಿದ್ದುದು ಒಂಟಿ ದನಿ. ಇಯರ್‌ಫೋನ್ ಚುಚ್ಚಿದರೆ ಅದೇ ಸಂಗೀತ ಎಡ ಬಲಗಳಾಗಿ ಒಡೆದು ಸ್ಟೀರಿಯೋ ಆಗುತ್ತಿತ್ತು. ಸೋನಿಯ ವಾಕ್‌ಮನ್ ಬಂದು ಆಗಲೇ ಹತ್ತು ವರ್ಷ. ರೈಲಿನಲ್ಲಿ ಪಕ್ಕದವರಿಗೆ ತೊಂದರೆ ಕೊಡದೆ ತನ್ನ ಲೋಕದಲ್ಲಿ ತಾನು ಮುಳುಗುವ ಅಭ್ಯಾಸ ಜಪಾನಿನಲ್ಲಿ ಬೇರೂರಿತ್ತು. ಆ ತಂತಿಯೂ ಯೊಕೋಯಿ ಮೆಚ್ಚುವಂಥ ತಂತ್ರಜ್ಞಾನವೇ. ಅದಕ್ಕೆ ಬ್ಯಾಟರಿ ಬೇಡ, ಪರಿಚಯ ಮಾಡಿಸುವ ಗೋಜಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದರಲ್ಲಿ ವಿದ್ಯುತ್ ಸಂಕೇತ ಹರಿಯಲು ತಗಲುವ ಸಮಯ ಮನುಷ್ಯನ ಗಮನಕ್ಕೆ ಬರುವಂಥದಲ್ಲ.

ತಂತಿಯ ಆ ತೂತಿಗೆ ಮೊದಲ ಪೆಟ್ಟು ಬಿದ್ದದ್ದು 2003ರಲ್ಲಿ. ಆ ವರ್ಷ ಬಂದ ಮಡಚುವ ಯಂತ್ರ ‘ಗೇಮ್ ಬಾಯ್ ಅಡ್ವಾನ್ಸ್ ಎಸ್‌ಪಿ’ಯಲ್ಲಿ ಇಯರ್‌ಫೋನಿನ ತೂತೇ ಇರಲಿಲ್ಲ. ಬೇಕಾದವರು ಬೇರೊಂದು ತುಣುಕನ್ನು ಕೊಂಡು, ಚಾರ್ಜ್ ಮಾಡುವ ಕಿಂಡಿಗೆ ಸಿಕ್ಕಿಸಿಕೊಳ್ಳಬೇಕಿತ್ತು. ಮುಂದಿನ ಯಂತ್ರಗಳಲ್ಲಿ ತೂತು ಮತ್ತೆ ಬಂತು.

ಅಷ್ಟರಲ್ಲಿ ಯೂರೋಪಿನಲ್ಲಿ ಬೇರೊಂದು ಪ್ರಯತ್ನ ನಡೆದಿತ್ತು. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪೆನಿಯಲ್ಲಿ ಯಾಪ್ ಹಾರ್ಟ್‌ಸೆನ್ ಎಂಬ ಡಚ್ ಎಂಜಿನಿಯರ್, ಉಪಕರಣಗಳ ನಡುವಿನ ಗಿಡ್ಡ ತಂತಿಗಳ ಬದಲು ಗಿಡ್ಡ ದೂರದ ರೇಡಿಯೋ ಅಲೆಗಳನ್ನು ಬಳಸುವ ಕೆಲಸಕ್ಕೆ ಕೈಹಾಕಿದ್ದರು. ಹಲವು ಕಂಪೆನಿಗಳು ಇದಕ್ಕೆ ಕೈಜೋಡಿಸಿದಾಗ, ಇಂಟೆಲ್ ಕಂಪೆನಿಯ ಜಿಮ್ ಕಾರ್ಡಾಕ್ ಒಂದು ಹೆಸರು ಸೂಚಿಸಿದರು. ಹತ್ತನೆಯ ಶತಮಾನದ ಡೆನ್ಮಾರ್ಕಿನ ದೊರೆ, ‘ನೀಲಿ ಹಲ್ಲಿನ’ ಹರಾಲ್ಡ್ ಜನರನ್ನು ಒಂದುಗೂಡಿಸಿದವನು. ಹಾಗೆ ಇದೂ ಯಂತ್ರಗಳನ್ನು ಒಂದುಗೂಡಿಸಲಿ ಎಂಬ ಆಶಯ. ಬ್ಲೂಟೂತ್ ಹುಟ್ಟಿದ್ದು ಹೀಗೆ.

ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಸುತ್ತಲಿನ ಅಲೆಗಳಲ್ಲಿ. ಲೈಸೆನ್ಸ್ ಬೇಡದ ಈ ಪಟ್ಟಿ ಒಂದು ರೀತಿ ಊರ ಗೋಮಾಳವಿದ್ದಂತೆ. ವೈಫೈ ಕೂಡ ಅಲ್ಲೇ ಮೇಯುತ್ತದೆ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅಲ್ಲೇ ಗದ್ದಲ ಎಬ್ಬಿಸುತ್ತದೆ. ಆದ್ದರಿಂದ ಬ್ಲೂಟೂತ್ ಒಂದೆಡೆ ನಿಲ್ಲದೆ 79 ದಾರಿಗಳ ನಡುವೆ ಸೆಕೆಂಡಿಗೆ 1600 ಬಾರಿ ಜಿಗಿಯುತ್ತಿರುತ್ತದೆ. ಪ್ರತಿ ಜಿಗಿತದ ನಡುವಿನ ಕಿರುವೇಳೆಯನ್ನು ಸಂಪರ್ಕದಲ್ಲಿರುವ ಉಪಕರಣಗಳಿಗೆ ಒಬ್ಬ ಯಜಮಾನನಂತೆ ಹಂಚಿಕೊಡುತ್ತದೆ. ಒಂದು ಉಪಕರಣಕ್ಕೆ ಹೆಚ್ಚು ಕೊಟ್ಟರೆ ಉಳಿದವಕ್ಕೆ ಕಡಿಮೆ. ಈ ಹಂಚಿಕೆಯ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಸಂಗೀತ ಕಳುಹಿಸುವ ಬ್ಲೂಟೂತ್ ಕ್ರಮ ರೂಪುಗೊಂಡದ್ದು 2003ರ ಹೊತ್ತಿಗೆ. ದನಿಯನ್ನು ಮೊದಲು ಗಣಿತದಿಂದ ಹಿಂಡಿ ಸಣ್ಣದಾಗಿಸಿ, ಪೊಟ್ಟಣಗಳಾಗಿ ಕಟ್ಟಿ ಕಳುಹಿಸಬೇಕು. ದಾರಿಯಲ್ಲಿ ಕೆಟ್ಟ ಪೊಟ್ಟಣವನ್ನು ಮತ್ತೆ ಕಳುಹಿಸಬೇಕು. ದನಿ ನಡುವೆ ಕಡಿಯದಿರಲೆಂದು ಇಯರ್‌ಫೋನ್ ಒಂದಿಷ್ಟು ಪೊಟ್ಟಣಗಳನ್ನು ಕಣಜದಲ್ಲಿ ಕೂಡಿಟ್ಟುಕೊಂಡೇ ನುಡಿಸಲು ತೊಡಗುತ್ತದೆ. ಇದೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಇನ್ನೂ ಹೆಚ್ಚು ತಡವಾಗುತ್ತದೆ.

ಹಾಡು ಕೇಳುವವನಿಗೆ ಇದರಿಂದ ನಷ್ಟವಿಲ್ಲ. ಇಡೀ ಹಾಡೇ ಅಷ್ಟು ತಡವಾಗಿ ಶುರುವಾಗುತ್ತದೆ, ಅಷ್ಟೆ. ಸಿನಿಮಾ ನೋಡುವವನಿಗೂ ಉಪಾಯವಿದೆ: ಫೋನು ಚಿತ್ರವನ್ನೇ ಅಷ್ಟು ಹೊತ್ತು ತಡೆದು, ದನಿಯ ಜತೆಗೆ ಬಿಡುತ್ತದೆ. ಆಟದಲ್ಲಿ ಈ ಉಪಾಯ ನಡೆಯದು. ಮುಂದೆ ಏನಾಗುತ್ತದೆಂದು ನಿರ್ಧರಿಸುವುದು ಆಡುವವನ ಬೆರಳು. ಚಿತ್ರವನ್ನು ತಡೆದರೆ ಬೆರಳಿಗೂ ಚಿತ್ರಕ್ಕೂ ತಾಳ ತಪ್ಪುತ್ತದೆ. ಬಿಟ್ಟರೆ ಚಿತ್ರಕ್ಕೂ ದನಿಗೂ ತಪ್ಪುತ್ತದೆ. ಸೆಕೆಂಡಿಗೆ 60 ಚಿತ್ರಗಳನ್ನು ತೋರಿಸುವ ಆಟದಲ್ಲಿ 200 ಮಿಲಿಸೆಕೆಂಡ್ ಎಂದರೆ 12 ಚಿತ್ರಗಳು ದಾಟಿಹೋಗಿರುತ್ತವೆ. ಯಕ್ಷಗಾನದಲ್ಲಿ ವೇಷಧಾರಿಯ ಹೆಜ್ಜೆ ಬಿದ್ದು ಅಷ್ಟು ಹೊತ್ತಿನ ಮೇಲೆ ಚೆಂಡೆಯ ಪೆಟ್ಟು ಬಿದ್ದರೆ ಹೇಗಿರುತ್ತದೆ? ಹಾಗೆ.

ಎಷ್ಟು ತಡವನ್ನು ಮನುಷ್ಯ ಸಹಿಸುತ್ತಾನೆ? ಟೆಲಿವಿಷನ್ ಪ್ರಸಾರಕ್ಕಾಗಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 1998ರಲ್ಲಿ ನೀಡಿದ ಶಿಫಾರಸಿನ ಪ್ರಕಾರ, ದನಿ ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ, ಇಲ್ಲವೇ 125 ಮಿಲಿಸೆಕೆಂಡ್ ಹಿಂದಾದರೆ ನೋಡುಗರಿಗೆ ಗೊತ್ತಾಗತೊಡಗುತ್ತದೆ. ಹಿಂದಾಗುವುದಕ್ಕೆ ಇರುವ ರಿಯಾಯಿತಿ ಮುಂದಾಗುವುದಕ್ಕೆ ಇಲ್ಲ. ಸದ್ದು ತಡವಾಗಿ ಬರುವುದು ಲೋಕದ ವಾಡಿಕೆ; ಬಟ್ಟೆ ಕಲ್ಲಿಗೆ ಬಡಿಯುವ ಮೊದಲೇ ‘ಧಪ್’ ಎಂದದ್ದನ್ನು ಯಾರೂ ಕೇಳಿಲ್ಲ. ಆದರೆ ಆ ಮಿತಿ ಸುಮ್ಮನೆ ಕುಳಿತು ನೋಡುವವನದು. ಗುಂಡಿ ಒತ್ತಿದ ಬೆರಳು ಅಷ್ಟು ಉದಾರಿಯಲ್ಲ.

ಸೋನಿ ಕಂಪೆನಿ 2011ರ ಡಿಸೆಂಬರ್‌ನಲ್ಲಿ ತಂದ ‘ಪ್ಲೇಸ್ಟೇಷನ್ ವೀಟಾ’ ಎಂಬ ಅಂಗೈ ಯಂತ್ರದಲ್ಲಿ ಬ್ಲೂಟೂತ್ ದನಿ ಇತ್ತು. 2017ರ ಮಾರ್ಚ್‌ನಲ್ಲಿ ನಿಂಟೆಂಡೋ ತಂದ ‘ಸ್ವಿಚ್’ ಯಂತ್ರದಲ್ಲಿ ಮಾತ್ರ ಇರಲಿಲ್ಲ. ಆ್ಯಪಲ್ ಕಂಪೆನಿ ತನ್ನ ಐಫೋನಿನಿಂದ ತಂತಿಯ ತೂತನ್ನು ಕಿತ್ತುಹಾಕಿ ಆಗಿನ್ನೂ ಆರು ತಿಂಗಳಾಗಿತ್ತು. ತಂತಿಯಿಲ್ಲದ ಇಯರ್‌ಫೋನ್ ಜನರ ಕಿವಿಗೆ ಏರುತ್ತಿತ್ತು. ಸ್ವಿಚ್‌ನೊಳಗೆ ಬ್ಲೂಟೂತ್ ಇಲ್ಲವೆಂದಲ್ಲ. ಅದರ ಎಡ ಬಲದ ಹಿಡಿಗಳು ಕಳಚಿಬಂದ ಮೇಲೆ ಯಂತ್ರದ ಜತೆ ಮಾತಾಡುವುದೇ ಬ್ಲೂಟೂತ್ ಮೂಲಕ. ರೇಡಿಯೋ ಇದೆ, ದನಿಗೆ ಮಾತ್ರ ಅದರಲ್ಲಿ ಪ್ರವೇಶವಿಲ್ಲ! ಯಂತ್ರದ ಕಿಂಡಿಗೆ ಸಿಕ್ಕಿಸುವ ಬ್ಲೂಟೂತ್ ತುಣುಕುಗಳನ್ನು ಬೇರೆ ತಯಾರಕರು ಮಾರತೊಡಗಿದರು.

ನಾಲ್ಕೂವರೆ ವರ್ಷಗಳ ನಂತರ, 2021ರ ಸೆಪ್ಟೆಂಬರ್‌ನಲ್ಲಿ, 13.0.0 ಎಂಬ ತಂತ್ರಾಂಶದ ಹೊಸ ಆವೃತ್ತಿ ಬಂತು. ಯಂತ್ರದ ಒಂದು ತಿರುಪನ್ನೂ ಬಿಚ್ಚದೆ, ಕೋಟ್ಯಂತರ ಹಳೆಯ ಸ್ವಿಚ್‌ಗಳು ರಾತ್ರೋರಾತ್ರಿ ತಂತಿಯಿಲ್ಲದೆ ದನಿ ಕೊಡಲು ಕಲಿತವು. ಜತೆಗೆ ಬಂದ ಷರತ್ತುಗಳನ್ನು ಓದಿದರೆ ಹಳೆಯ ಹಂಚಿಕೆಯ ಲೆಕ್ಕ ಕಣ್ಣಿಗೆ ಕಟ್ಟುತ್ತದೆ. ಬ್ಲೂಟೂತ್ ದನಿ ಬೇಕೆಂದರೆ ಎರಡೇ ತಂತಿರಹಿತ ಹಿಡಿಗಳು. ಮಾಮೂಲಿಯಾಗಿ ಎಂಟರವರೆಗೆ ಜೋಡಿಸಬಹುದಾದ ಯಂತ್ರವದು. ಪಕ್ಕದ ಗೆಳೆಯನ ಯಂತ್ರದೊಡನೆ ನೇರ ಸಂಪರ್ಕದಲ್ಲಿ ಆಡತೊಡಗಿದರೆ ದನಿಯ ಸಂಪರ್ಕ ಕಡಿದುಹೋಗುತ್ತದೆ. ಬ್ಲೂಟೂತ್ ಮೈಕ್ ನಡೆಯದು. ಇಯರ್‌ಫೋನಿಗೆ ತಕ್ಕಂತೆ ದನಿ ತಡವಾಗಲೂಬಹುದು ಎಂಬ ಎಚ್ಚರಿಕೆ ಬೇರೆ. ಗೋಮಾಳ ಅಷ್ಟೇ ಅಗಲ. ಹೊಸ ಹಸು ಬಂದರೆ ಹಳೆಯದೊಂದು ಹೊರಡಬೇಕು.

ಇದು ಬರೀ ಶೋಕಿಯ ಮಾತಲ್ಲವೇ ಎಂದು ಕೇಳಬಹುದು. ಅಲ್ಲ. ಶ್ರವಣ ಸಾಧನ ಧರಿಸುವವರ ಕಿವಿಯಲ್ಲಿ ಇಯರ್‌ಫೋನ್ ತೂರಿಸಲು ಜಾಗವಿಲ್ಲ. ದನಿ ನೇರವಾಗಿ ಆ ಸಾಧನಕ್ಕೇ ತಂತಿಯಿಲ್ಲದೆ ಬಂದರೆ ಅವರಿಗೆ ಆಟ ಸಲೀಸು. 2014ರಲ್ಲಿ ಶ್ರವಣ ಸಾಧನ ತಯಾರಕರ ಐರೋಪ್ಯ ಸಂಘ ಬ್ಲೂಟೂತ್ ಸಂಸ್ಥೆಯೊಡನೆ ಮಾಡಿಕೊಂಡ ಒಪ್ಪಂದದ ಫಲವಾಗಿಯೇ, ಕಡಿಮೆ ವಿದ್ಯುತ್ತು ಬೇಡುವ, ತಡವನ್ನೂ ತಗ್ಗಿಸಬಲ್ಲ ಹೊಸ ದನಿ ಕ್ರಮವೊಂದು 2020ರಲ್ಲಿ ಪ್ರಕಟವಾಯಿತು. ಅದರ ಲಾಭ ಸಿಗಬೇಕಾದರೆ ಕಳುಹಿಸುವ ಯಂತ್ರ, ಕೇಳಿಸುವ ಸಾಧನ ಎರಡೂ ಆ ಹೊಸ ಭಾಷೆಯನ್ನು ಕಲಿತಿರಬೇಕು.

ಇನ್ನೊಂದು ಕಡೆ, ಕಣ್ಣು ಕಾಣದಿದ್ದರೂ ಹೊಡೆದಾಟದ ಆಟಗಳನ್ನು ಆಡುವವರಿದ್ದಾರೆ. ಎದುರಾಳಿ ಎಡದಲ್ಲಿದ್ದಾನೋ ಬಲದಲ್ಲಿದ್ದಾನೋ, ನೆಗೆದನೋ ಒದ್ದನೋ ಎಂಬುದನ್ನು ಅವರು ತಿಳಿಯುವುದು ಸದ್ದಿನಿಂದಲೇ. ಅವರ ಪಾಲಿಗೆ ಸೆಕೆಂಡಿನ ಐದನೆಯ ಒಂದು ಭಾಗ ಎಂದರೆ ಸೋಲು. ಅವರಿಗೆ ಬೇಕಾದದ್ದು ಹಳೆಯ ತಂತಿ.

2025ರ ಜೂನ್‌ನಲ್ಲಿ ಬಂದ ‘ಸ್ವಿಚ್ 2’ ಯಂತ್ರದಲ್ಲಿ ಬ್ಲೂಟೂತ್ ದನಿಯೂ ಇದೆ, ಮೂರೂವರೆ ಮಿಲಿಮೀಟರಿನ ಆ ಹಳೆಯ ತೂತೂ ಉಳಿದಿದೆ. ಹೊಸದು ಬಂದಾಗ ಹಳೆಯದನ್ನು ಕಿತ್ತೆಸೆಯುವುದೇ ಪ್ರಗತಿ ಎಂದು ಫೋನಿನ ಲೋಕ ನಂಬಿರುವ ಕಾಲದಲ್ಲಿ, ಆಟಿಕೆಯೊಂದು ಎರಡಕ್ಕೂ ಜಾಗ ಕೊಟ್ಟಿದೆ. 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಯೊಕೋಯಿ ಇಂದು ಇದ್ದಿದ್ದರೆ, ಆ ತೂತಿನತ್ತ ಕಣ್ಣುಹಾಯಿಸಿ ಮುಗುಳ್ನಗುತ್ತಿದ್ದರೇನೋ.