ಬಾಖ್ ನುಡಿಸಿ ಕಟ್ಟಿದ ಆಸ್ಪತ್ರೆ

ಶಾಲೆಯ ಕಟ್ಟಡಕ್ಕೆ, ದೇವಸ್ಥಾನದ ಜೀರ್ಣೋದ್ಧಾರಕ್ಕೆ, ಯಾರದೋ ಆಪರೇಷನ್ನಿಗೆ ಅಂತ ರಸೀದಿ ಪುಸ್ತಕ ಹಿಡಿದು ಮನೆ ಮನೆ ಹತ್ತಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕಾಫಿ ಬರುವ ಮೊದಲೇ ಪುಸ್ತಕ ಹೊರತೆಗೆದರೆ ಆಮೇಲೆ ಕಾಫಿಯೂ ಬರುವುದಿಲ್ಲ. ಸಹಾಯಾರ್ಥ ಯಕ್ಷಗಾನದ ಟಿಕೆಟ್ ಮಾರಿ ಮಾರಿಯೇ ತಲೆ ನರೆತ ನನಗೆ, ಆಫ್ರಿಕದಲ್ಲಿ ಆಸ್ಪತ್ರೆ ಕಟ್ಟಿದ ಆಲ್ಬರ್ಟ್ ಶ್ವೈಟ್ಜರನ ಆತ್ಮಕಥೆಯಲ್ಲಿ ತುಂಬ ಹಿಡಿಸಿದ್ದು ಆತ ಚಂದಾ ಎತ್ತಿದ ಭಾಗ. ಭೇಟಿಗೆ ಬಂದವನೆಂದು ಸ್ವಾಗತಿಸಿದವರ ದನಿ, ದುಡ್ಡು ಕೇಳಲು ಬಂದವನೆಂದು ತಿಳಿದ ಕೂಡಲೇ ಬದಲಾಗುತ್ತಿತ್ತು ಎಂದು ಆತ ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ.

ಆಫ್ರಿಕದ ಹೆಸರಿನಲ್ಲಿ ಯುರೋಪಿನಲ್ಲಿ ಹಣ ಎತ್ತುವುದು ಆಗಲೇ ಹಳೆಯ ರೂಢಿ. ನಮ್ಮ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ನಡೆಸಿದ ಬಾಸೆಲ್ ಮಿಷನ್ನಿಗಾಗಿ 1855ರಿಂದ ಯುರೋಪಿನ ಮನೆಗಳಲ್ಲಿ ವಾರಕ್ಕೆ ಅರ್ಧ ಬಾಟ್ಸನ್ ಎಂಬ ಚಿಲ್ಲರೆ ಕಾಸು ಎತ್ತುತ್ತಿದ್ದರು. ಅದೇ ಮಿಷನ್ ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲೂ ಕೆಲಸ ಮಾಡುತ್ತಿತ್ತು. ಶ್ವೈಟ್ಜರನ ಕೈಯಲ್ಲಿದ್ದದ್ದು ಬೇರೆಯೇ ಬಂಡವಾಳ: ಆರ್ಗನ್ ವಾದ್ಯ.

1875ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಅಲ್ಸಾಸ್‌ನಲ್ಲಿ ಹುಟ್ಟಿದ ಪಾದ್ರಿಯ ಮಗ ಈತ. ಜರ್ಮನ್ ಸಂಗೀತರಚನಕಾರ ಬಾಖ್‌ನ ಸಂಗೀತದ ಮೇಲೆ 1905ರಲ್ಲಿ ಫ್ರೆಂಚ್‌ನಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ಫ್ರೆಂಚ್ ಕಾಂಗೋ ಸೀಮೆಯ ಗ್ಯಾಬೋನ್‌ಗೆ ಜನ ಬೇಕೆಂಬ ಲೇಖನವನ್ನು ಪ್ಯಾರಿಸ್ ಮಿಷನ್ನಿನ ಪತ್ರಿಕೆಯಲ್ಲಿ ಓದಿದ್ದವನು, ಮೂವತ್ತರ ವಯಸ್ಸಿನಲ್ಲಿ ವೈದ್ಯಕೀಯ ಓದಲು ಕೂತ. 1911ರ ಅಂತಿಮ ಪರೀಕ್ಷೆಯ ಶುಲ್ಕಕ್ಕೆ ಮ್ಯೂನಿಕ್ ಸಂಗೀತೋತ್ಸವದಲ್ಲಿ ತನ್ನ ಗುರು ವಿಡೋರನ ಕೃತಿಗೆ ಆರ್ಗನ್ ನುಡಿಸಿ ಗಳಿಸಿದ ಸಂಭಾವನೆಯೇ ಒದಗಿತು. ಆಮೇಲೆ ಮನೆ ಹತ್ತಿಳಿಯುವ ಕೆಲಸ. ಸ್ಟ್ರಾಸ್‌ಬರ್ಗ್‌ನ ಜರ್ಮನ್ ಪ್ರಾಧ್ಯಾಪಕರು ಫ್ರೆಂಚರ ವಸಾಹತಿನ ಆಸ್ಪತ್ರೆಗೆ ಧಾರಾಳವಾಗಿಯೇ ಕೊಟ್ಟರು. ಪ್ಯಾರಿಸ್‌ನ ಬಾಖ್ ಸೊಸೈಟಿ ಆತನಿಗಾಗಿ ಕಛೇರಿ ಏರ್ಪಡಿಸಿತು. ಲ ಹಾವ್ರ್ ಬಂದರಿನಲ್ಲಿ ಒಂದು ಕಛೇರಿ, ಒಂದು ಭಾಷಣ. ಸಾಮಾನಿಗೆ, ಹಡಗಿಗೆ, ಸುಮಾರು ಒಂದು ವರ್ಷದ ಖರ್ಚಿಗೆ ಸಾಕಾಯಿತು. ಇಷ್ಟಾದರೂ ಪ್ಯಾರಿಸ್ ಮಿಷನ್ನಿನವರಿಗೆ ಈತನ ಧರ್ಮವಿಚಾರದ ಮೇಲೆ ಅನುಮಾನ. ಪ್ರವಚನ ಮಾಡುವುದಿಲ್ಲ, ಮೀನಿನಂತೆ ಮೂಕನಾಗಿರುತ್ತೇನೆ ಎಂದು ಮಾತು ಕೊಡಬೇಕಾಯಿತು. ಹಣ ತಾನೇ ತರುತ್ತೇನೆಂದವನಿಗೂ ಸಮಿತಿಯ ಕಾಟ ತಪ್ಪದು ನೋಡಿ!

1913ರ ಏಪ್ರಿಲ್‌ನಲ್ಲಿ ಆತ, ನರ್ಸ್ ತರಬೇತಿ ಪಡೆದಿದ್ದ ಹೆಂಡತಿ ಹೆಲೆನಾ ಜೊತೆ ಒಗೋವೆ ನದಿಯ ದಡದ ಲಾಂಬರೆನೆ ತಲುಪಿದ. ಮೊದಲ ಕ್ಲಿನಿಕ್ ಒಂದು ಹಳೆಯ ಕೋಳಿಗೂಡು. ಬಾಖ್ ಸೊಸೈಟಿ ಕೊಟ್ಟ, ಕಾಲುಮಣೆ ಇರುವ ಪಿಯಾನೊ ಸತುವಿನ ತಗಡು ಹೊದಿಸಿದ ಪೆಟ್ಟಿಗೆಯಲ್ಲಿ ಹಿಂದೆಯೇ ಬಂತು. ಅದನ್ನು ಸಾಗಿಸಲು ಒಂದೇ ಮರ ಕೊರೆದು ಮಾಡಿದ ದೊಡ್ಡ ದೋಣಿ ಬೇಕಾಯಿತು. ದುಭಾಷಿಯಾಗಿ ಸಿಕ್ಕವನು ಜೋಸೆಫ್, ಹಿಂದೆ ಅಡುಗೆಯವನಾಗಿದ್ದವನು. ರೋಗಿಗಳ ನೋವನ್ನು ಮಾಂಸದ ಅಂಗಡಿಯ ಭಾಷೆಯಲ್ಲಿ ಹೇಳುತ್ತಿದ್ದ: ಈತನಿಗೆ ಬಲತೊಡೆಯ ಮಾಂಸ ನೋಯುತ್ತದೆ, ಆಕೆಗೆ ಎಡಗಡೆಯ ಚಾಪ್ಸು.

ಮೊದಲ ಮಹಾಯುದ್ಧ ಬಂತು. ಜರ್ಮನ್ ಪ್ರಜೆಯೆಂದು ಫ್ರೆಂಚರು ಮೊದಲು ಗೃಹಬಂಧನದಲ್ಲಿಟ್ಟು, 1917ರಲ್ಲಿ ಫ್ರಾನ್ಸಿನ ಶಿಬಿರಕ್ಕೆ ಸಾಗಿಸಿದರು. ಹೊರಬಂದಾಗ ಕಾಯಿಲೆಯೂ ಇತ್ತು, ತಲೆಯ ಮೇಲೆ ಆಸ್ಪತ್ರೆಯ ಸಾಲವೂ ಇತ್ತು. 1920ರಲ್ಲಿ ಸ್ವೀಡನ್ನಿನ ಆರ್ಚ್‌ಬಿಷಪ್ ನಾಥನ್ ಸೋಡರ್‌ಬ್ಲೋಮ್ ಉಪ್ಸಾಲಾಕ್ಕೆ ಉಪನ್ಯಾಸಕ್ಕೆ ಕರೆಸಿದರು. ಒಂದು ದಿನ ಜೊತೆಯಲ್ಲಿ ನಡೆದುಹೋಗುವಾಗ ಸಾಲದ ಮಾತು ಬಂತು. ನಮ್ಮ ಊರೂರುಗಳಲ್ಲಿ ಆರ್ಗನ್ ನುಡಿಸಿ, ಆಫ್ರಿಕದ ಬಗ್ಗೆ ಮಾತಾಡಿ ಎಂದರು ಆರ್ಚ್‌ಬಿಷಪ್. ಶ್ವೈಟ್ಜರ್ ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳುವುದು, ಪಕ್ಕದಲ್ಲಿ ನಿಂತ ವಿದ್ಯಾರ್ಥಿಯೊಬ್ಬ ಒಂದೊಂದನ್ನೇ ಸ್ವೀಡಿಷ್‌ನಲ್ಲಿ ಒಪ್ಪಿಸುವುದು. ಇಬ್ಬರೂ ಮೊದಲೇ ಕೂತು ಪಾಠ ಮಾಡಿಕೊಳ್ಳುತ್ತಿದ್ದರು. ಕೆಲವೇ ವಾರಗಳಲ್ಲಿ ತುರ್ತಿನ ಸಾಲವೆಲ್ಲ ತೀರಿತು. 1924ರಲ್ಲಿ ಮತ್ತೆ ಲಾಂಬರೆನೆಗೆ ಹೋದ. ಮುಂದೆ ಯುರೋಪಿಗೆ ಬಂದಾಗಲೆಲ್ಲ ಇದೇ ತಿರುಗಾಟ: ಹಗಲೆಲ್ಲ ಆಯಾ ಊರಿನ ಆರ್ಗನ್ನಿನ ಗುಣ ಹಿಡಿಯುವುದು, ಸಂಜೆ ಕಛೇರಿ.

ಒಂದು ವಿಷಯಕ್ಕೆ ಆತನನ್ನು ಮೆಚ್ಚುತ್ತೇನೆ. ಲಾಂಬರೆನೆಯ ರೋಗಿಗಳಿಂದಲೂ ಆತ ಬಾಳೆಕಾಯಿಯೋ ಕೋಳಿಮೊಟ್ಟೆಯೋ ಕೇಳಿ ಪಡೆಯುತ್ತಿದ್ದ. ಕೈಲಾಗುವ ರೋಗಿಗಳೂ ಜೊತೆಗೆ ಬಂದ ನೆಂಟರಿಷ್ಟರೂ ಕಾಡು ಕಡಿದರು, ಕಂಬ ನೆಟ್ಟರು. 1927ರಲ್ಲಿ ಹೊಸ ಜಾಗಕ್ಕೆ ಹೋದ ಆಸ್ಪತ್ರೆಯಲ್ಲಿ ಅವರ ಬೆವರೂ ಇದೆ. ಆದರೆ ಯುರೋಪಿನ ವೇದಿಕೆಯಲ್ಲಿ ಕೇಳಿಬಂದದ್ದು ಚಂದಾ ಎತ್ತುವವನ ದನಿ ಒಂದೇ. ಕೊಡುವವರ ಮನಸ್ಸು ಕರಗಬೇಕಾದರೆ ಅಲ್ಲಿನವರನ್ನು ಬರೀ ಅಸಹಾಯಕರಾಗಿಯೇ ತೋರಿಸಬೇಕಾಗುತ್ತದೆ. ಈ ಚಟ ನಮ್ಮ ಮೈಕಿಗೂ ಇದೆ. ಆಫ್ರಿಕದವನು ನನ್ನ ಸೋದರ, ಆದರೆ ತಮ್ಮ ಎಂಬ ಅರ್ಥದ ಶ್ವೈಟ್ಜರನ ಮಾತನ್ನು ನೈಜೀರಿಯಾದ ಲೇಖಕ ಚಿನುವಾ ಅಚಿಬೆ 1975ರ ಉಪನ್ಯಾಸದಲ್ಲಿ ಎತ್ತಿಕೊಂಡು ಚೆನ್ನಾಗಿ ಜಾಡಿಸಿದರು. ಅಚಿಬೆಯ ಸಿಟ್ಟು ನ್ಯಾಯವಾದದ್ದೇ ಎನ್ನುತ್ತೇನೆ. ಸ್ವೀಡನ್ನಿನ ತಟ್ಟೆಗೆ ಬಿದ್ದ ನಾಣ್ಯವೂ ಖೋಟಾ ಅಲ್ಲ.

1952ರ ಸಾಲಿನ ನೊಬೆಲ್ ಶಾಂತಿ ಪ್ರಶಸ್ತಿಯ ಹಣವನ್ನು ಆತ ಕುಷ್ಠರೋಗಿಗಳ ವಸತಿಗೆ ಹಾಕಿದ. 1960ರಲ್ಲಿ ಗ್ಯಾಬೋನ್ ಸ್ವತಂತ್ರವಾಯಿತು. 1965ರಲ್ಲಿ ಆತ ಅಲ್ಲಿಯೇ ತೀರಿಕೊಂಡ. ಆಸ್ಪತ್ರೆ ಈಗಲೂ ನಡೆಯುತ್ತಿದೆ. ಅದರ ಆವರಣದಲ್ಲೇ ಬೆಳೆದ ಸಂಶೋಧನಾ ಕೇಂದ್ರದಲ್ಲಿ ಮಲೇರಿಯಾ ಔಷಧ, ಲಸಿಕೆಗಳ ಪ್ರಯೋಗಗಳು ನಡೆಯುತ್ತವೆ. ಖರ್ಚಿಗೆ ಹೊರನಾಡಿನ ದೇಣಿಗೆಯ ಜೊತೆ ಗ್ಯಾಬೋನ್ ಸರ್ಕಾರದ ಹಣವೂ ಸೇರುತ್ತದೆ.