ಕೊಳವೆ, ತಣ್ಣೀರು ಮತ್ತ ಕಳ್ಳಬಟ್ಟಿ | ನಮ್ಮೂರ ಇತಿಹಾಸ, ಕಂತು 7

ಮೊದಲನೇ ಫೋಟೋ ನೋಡಿ ನಗಬ್ಯಾಡ್ರಿ ದೋಸ್ತಗೋಳ. ಮೇಲಿಂದ ಕೆಳಗಿನತನಕ ತೊಯ್ಸಿಕೊಂಡು ನಿಂತಾಂವ ನಾನ. ಕೆಮಿಸ್ಟ್ರಿ ಪ್ರ್ಯಾಕ್ಟಿಕಲ್‌ನಾಗ ಲೀಬಿಗ್ ಕಂಡೆನ್ಸರಿಗೆ ರಬ್ಬರ್ ಪೈಪ್ ಸಿಗಿಸಿ ನಳ ಜೋರ ಬಿಟ್ಟೆ, ಪೈಪ್ ಕಿತ್ತು ಹಾರಿತು. ಅಷ್ಟರಾಗ ಹಿಂದಿನಿಂದ ಒಬ್ಬ, ನನ್ನ ಬಾಜೂಕ ನಿಂತಿದ್ದ ತಾಂಡಾದ ಗೆಳೆಯನ ಕಡೆ ನೋಡಿ, "ಇವ್ರ ಮಂದೀನ ಕರೀರಲೇ, ಬಟ್ಟಿ ಜೋಡ್ಸೋದು ಅವ್ರಿಗೇ ಬರೋದು" ಅಂದ. ಎಲ್ಲಾರೂ ನಕ್ಕರು. ನಾನೂ ನಕ್ಕೆ. ಅವ ನಗಲಿಲ್ಲ.

ಅದು ತಲಿಯಾಗ ಕುಂತುಬಿಡ್ತು. ಅದಕ್ಕ ಈ ಸಲದ ಕಂತು ಬಟ್ಟಿ ಮ್ಯಾಲೆ.

ಮೊದಲು ಲ್ಯಾಬಿನದು ಮುಗಿಸೋಣು. ಕಂಡೆನ್ಸರ್ ಅಂದ್ರ ಒಂದು ಕೊಳವಿ ಒಳಗ ಇನ್ನೊಂದು ಕೊಳವಿ. ಒಳಗ ಹಬೆ, ಹೊರಗ ತಣ್ಣೀರು. ನೀರಿನ ಪೈಪ್ ಕೆಳಗಿನ ಮೂತಿಗೆ ಹಾಕಬೇಕು, ಮೇಲಿನ ಮೂತಿಯಿಂದ ನೀರು ಹೊರಗ ಬರಬೇಕು. ಉಲ್ಟಾ ಹಾಕಿದ್ರ ನೀರು ಪೂರ್ತಿ ತುಂಬಂಗಿಲ್ಲ, ನಡುವ ಗಾಳಿ ಉಳೀತದ, ಹಬೆ ತಣ್ಣಗಾಗದ ಹಂಗ ಹಾರಿ ಹೋಗ್ತದ. ಹೆಸರು ಲೀಬಿಗ್‌ನದಾದ್ರೂ ಇಂಥಾದ್ದನ್ನ ಮೊದಲು ಮಾಡಿದಾಂವ ಅವನಲ್ಲ. 1771ರಾಗ ವೈಗೆಲ್ ಅನ್ನೋ ಜರ್ಮನ್ ವಿಜ್ಞಾನಿ ಇದರ ಬಗ್ಗೆ ಬರೆದಿದ್ದ. ಆಗ ಲೀಬಿಗ್ ಹುಟ್ಟೇ ಇರಲಿಲ್ಲ. ಕೆಲಸ ಒಬ್ಬರದು, ಹೆಸರು ಇನ್ನೊಬ್ಬರದು. ಮುಂದಿನ ಕಥಿಯೊಳಗೂ ಹಿಂಗ ಐತಿ.

ನಮ್ಮ ಕಡೆ ಇದೇ ಕೆಲಸ ಮಡಿಕೆಯೊಳಗ ನಡೀತಿತ್ತು. ಕೆಳಗ ಕುದಿಯೋ ಗಡಗಿ, ಮ್ಯಾಲೆ ತಣ್ಣೀರು ತುಂಬಿದ ಪಾತ್ರೆ. ಹಬೆ ಮ್ಯಾಲೆ ಹೋಗಿ ಆ ತಣ್ಣನ ತಳಕ್ಕ ಬಡಿದು ಹನಿಯಾಗಿ ಒಳಗಿನ ಬಟ್ಟಲಕ್ಕ ಬೀಳ್ತದ. ನಳ ಇಲ್ಲ, ಪೈಪ್ ಇಲ್ಲ. ಮ್ಯಾಲಿನ ನೀರು ಬಿಸಿಯಾದಂಗ ಚೆಲ್ಲಿ ಮತ್ತ ತಣ್ಣೀರು ಹಾಕಬೇಕು, ಅಷ್ಟ. ಅಕ್ಬರನ ಕಾಲದ ಐನ್-ಇ-ಅಕ್ಬರಿಯೊಳಗ ಅಬುಲ್ ಫಜಲ್ ಕಬ್ಬಿನಿಂದ ಅರಕು ಇಳಿಸೋ ಮೂರು ರೀತಿ ಬರದಾನ, ಅದರಾಗ ಇದೂ ಒಂದು. ರಸಶಾಸ್ತ್ರದ ಗ್ರಂಥಗಳಲ್ಲಿ ಪಾತನ ಯಂತ್ರಗಳ ಜೋಡಣೆ ಐತಿ, ಸಂದಿಗೆ ಮಣ್ಣು ಬಳಿದ ಬಟ್ಟಿ ಸುತ್ತಿ ಬಂದ್ ಮಾಡೋದೂ ಐತಿ. ಸಂದಿ ಸೋರಿದ್ರ ಹೊರಗ ಬರೋದು ಬರೇ ಹಬೆ ಅಲ್ಲ, ಬೆಂಕಿ ಹತ್ತೋ ಹಬೆ. ಆ ಮಂದಿಗೆ ಇದು ಚೆಂದಂಗ ಗೊತ್ತಿತ್ತು.

ಹಂಗಾರ ಬಟ್ಟಿಗೆ "ಕಳ್ಳ" ಅಂತ ಯಾವಾಗ ಸೇರ್ಕೊಂತು?

(ಮುಂದಿನದು ಕಾಮೆಂಟ್‌ನಾಗ 👇)

1878ರಾಗ ಬ್ರಿಟಿಷರು ಮುಂಬಯಿ ಅಬಕಾರಿ ಕಾಯ್ದೆ ತಂದರು. ಪರವಾನಗಿ ಇಲ್ಲದ ಬಟ್ಟಿ ಇಳಿಸೋದು ಅಪರಾಧ ಆತು. ಕುಡಿಯೋದಕ್ಕ ತಡೆ ಇರಲಿಲ್ಲ, ಸರಕಾರಕ್ಕ ರೊಕ್ಕ ಕೊಡದ ಇಳಿಸೋದಕ್ಕ ಇತ್ತು. ನನ್ನ ಕೇಳಿದ್ರ, ಗಡಗಿ ಅದೇ ಇತ್ತು, ಕಾನೂನು ಬದಲಾತು.

ಈಗ ನಾಲ್ಕನೇ ಸ್ಲೈಡಿನ ನಕ್ಷೆ ನೋಡ್ರಿ. ಸ್ವಾತಂತ್ರ್ಯಕ್ಕ ಮೊದಲು ಗದಗ-ಬೆಟಗೇರಿ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯೊಳಗಿತ್ತು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನ, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನ. ಮುಂಡರಗಿಯಿಂದ ಪೂರ್ವಕ್ಕ ಹೋದ್ರ ಕೊಪ್ಪಳ, ಅದು ನಿಜಾಮನ ಸೀಮೆ. ತುಂಗಭದ್ರಾ ದಾಟಿದ್ರ ಹೂವಿನಹಡಗಲಿ, ಅದು ಮದ್ರಾಸ್. ಒಂದು ದಿನ ಚಕ್ಕಡಿ ಹೂಡಿದ್ರ ಎರಡು ಮೂರು ಸರಕಾರ ದಾಟಬಹುದಿತ್ತು! 1948ರಾಗ ಮದ್ರಾಸ್ ಪ್ರಾಂತ್ಯ ಪೂರ್ತಿ ಪಾನನಿಷೇಧ ಮಾಡಿತು. 1949ರಾಗ ಮುಂಬಯಿ ಪಾನನಿಷೇಧ ಕಾಯ್ದೆ ಬಂತು. ಆದ್ರ ಕೊಪ್ಪಳ ಇದ್ದ ಹೈದರಾಬಾದ್ ಕಡೆ ಹಂಗ ನಿಷೇಧ ಇರಲಿಲ್ಲ. ಮುಂಡರಗಿ ಆಚೆಗಿನ ಗಡಿಯ ಒಂದು ಬದಿ ಒಣ, ಇನ್ನೊಂದು ಬದಿ ಹಸಿ. 1956ರಾಗ ಎಲ್ಲಾ ಒಂದೇ ರಾಜ್ಯ ಆದ್ರೂ ಹಳೇ ಕಾಯ್ದೆ ಲಗೂನ ಹೋಗಲಿಲ್ಲ. 1960ರ ದಶಕದ ಕೊನೆಗೆ ನಿಷೇಧ ತೆಗೆದರು. ಆಮೇಲೆ ಸರಾಯಿ ಹರಾಜಿನ ಕಾಲ. ಮಾರೋ ಹಕ್ಕು ಗುತ್ತಿಗೆದಾರರ ಕೈಗೆ ಹೋತು, ದೊಡ್ಡ ರೊಕ್ಕ ಅವರು ಮಾಡಿದರು. 2007ರ ಜುಲೈ 1ರಿಂದ ಸರಾಯಿ ಬಂದ್.

ತಾಂಡಾದ ಮಾತಿಗೆ ಬರ್ತೀನಿ. ಲಂಬಾಣಿಗರು ಎತ್ತಿನ ಮ್ಯಾಲೆ ಉಪ್ಪು, ಕಾಳು ಹೇರಿಕೊಂಡು ದೇಶ ತಿರುಗಿದ ವ್ಯಾಪಾರಿಗಳು. ಲವಣದಿಂದನ ಲಂಬಾಣಿ ಅನ್ನೋ ಹೆಸರು ಬಂತು ಅಂತ ಹೇಳೋರು ಅದಾರ. 1884ರಾಗ ಗದಗಿಗೆ ರೈಲು ಬಂತು. ಉಪ್ಪಿನ ಚೀಲ ಗಾಡಿ ಏರಿತು, ಎತ್ತಿನ ಹೇರು ನಿಂತುಹೋತು. ಹೊಲ ಇಲ್ಲ, ವ್ಯಾಪಾರ ಇಲ್ಲ, ಮ್ಯಾಲೆ ಬರಗಾಲ. ಕೆಲವರು ಬಟ್ಟಿ ಹಿಡಿದರು, ಭಾಳ ಮಂದಿ ಕೂಲಿಗೆ, ಗುಳೆ ಹೋದರು. ಹರಾಜು ಹಿಡಿದ ಗುತ್ತಿಗೆದಾರರಿಗೆ "ಸಾವ್ಕಾರ" ಅಂದ್ರು, ಇವರಿಗೆ "ಕಳ್ಳಬಟ್ಟಿಯವರು" ಅಂದ್ರು.

ಇದನ್ನ ಓದಿ ಬಟ್ಟಿ ಏನೋ ಚಂದದ ಕಸುಬು ಅಂತ ಯಾರೂ ತಿಳ್ಕೋಬ್ಯಾಡ್ರಿ. 1981ರಾಗ ಬೆಂಗಳೂರಿನಾಗ ಕಳ್ಳ ಸರಾಯಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಕಾರಣ ಮೆಥನಾಲ್. ಮೆಥನಾಲ್ ಕುದಿಯೋದು ಸುಮಾರು 65 ಡಿಗ್ರಿಗೆ, ಎಥನಾಲ್ 78ಕ್ಕ. ಕಣ್ಣಿಗೆ ಎರಡೂ ನೀರಿನಂಗ, ಕುಡಿದ ಮ್ಯಾಲೆ ಒಂದು ಕಣ್ಣನ್ನ ತೆಗೀತದ. ಅಮೆರಿಕಾದಾಗ ಹಳೇ ಗಾಡಿಯ ರೇಡಿಯೇಟರನ್ನ ತಣ್ಣಗ ಮಾಡೋ ಕೊಳವಿ ಅಂತ ಬಳಸಿ, ಅದರ ಬೆಸುಗೆಯ ಸೀಸ ಹೊಟ್ಟಿಗೆ ಹೋಗಿ ಮಂದಿ ನಂಜೇರಿ ನರಳಿದ್ದೂ ಐತಿ. ಊರೂರಾಗ ಸರಾಯಿ ಬ್ಯಾಡ ಅಂತ ಬೀದಿಗೆ ಬಂದ ಹೆಣ್ಮಕ್ಕಳಿಗೆ ಇದನ್ನ ಯಾರೂ ಕಲಿಸಬೇಕಾಗಿರಲಿಲ್ಲ. 2019ರ ಜನವರಿಯೊಳಗ ಚಿತ್ರದುರ್ಗದಿಂದ ಬೆಂಗಳೂರಿನತನಕ ನಡಕೊಂಡು ಹೋದವರು ಅವರ.

ಹೋದ ವಾರದ ಪ್ರ್ಯಾಕ್ಟಿಕಲ್‌ನಾಗ ನನ್ನ ಪೈಪಿಗೆ ತಂತಿ ಸುತ್ತಿ ಬಿಗಿ ಮಾಡಿಕೊಟ್ಟಾಂವ ಅದೇ ಗೆಳೆಯ. ಆವತ್ತು ನಕ್ಕಿದ್ದಕ್ಕ ತಪ್ಪಾತು ಅಂದೆ, "ಇರ್ಲಿ ಬಿಡೋ" ಅಂದ. ಉಪ್ಪಿನ ಎತ್ತಿನ ಕಥಿ ಅವನಿಗೂ ಗೊತ್ತಿರಲಿಲ್ಲಂತ. ಅವರ ಅಜ್ಜೀನ ಕೇಳ್ಕೊಂಡು ಬರ್ತೀನಿ ಅಂದಾನ, ಬಂದ ಮ್ಯಾಲೆ ಕಂತು 8.

#ಗದಗಬೆಟಗೇರಿ #ಮುಂಡರಗಿ #ನಮ್ಮೂರಇತಿಹಾಸ